ಮೂರುದಾರಿಯ ಹೆಕಟಿಗೆ ಇಟ್ಟ ಮೊಟ್ಟೆ

ಮೂರು ತಲೆಯ ಗ್ರೀಕ್ ದೇವತೆಯ ಬಿ.ಪಿ. ನೋಡಿದ ನರ್ಸ್ ಇಡೀ ಕುವೈತಿನಲ್ಲಿ ನಾನೊಬ್ಬಳೇ.

ಜಾಬ್ರಿಯಾದಲ್ಲಿ ನನ್ನ ಜೊತೆ ಫ್ಲ್ಯಾಟಿನಲ್ಲಿರುವ ಶೆರಿಲ್ ತನ್ನನ್ನು ಮಾಟಗಾತಿ ಎಂದೇ ಕರೆದುಕೊಳ್ಳುವವಳು. ಮೂರುದಾರಿಗಳ ಒಡತಿ ಹೆಕಟಿ ಅವಳ ದೇವತೆ. ಆರು ದಿನದಿಂದ ಅವಳಿಗೆ ಜ್ವರ, ಯಾವ ಮದ್ದಿಗೂ ಇಳಿಯಲಿಲ್ಲ. ಅಮಾವಾಸ್ಯೆಯ ದಿನ ನನ್ನ ಕೈ ಹಿಡಿದು, "ಫೆಲ್ಸಿಬಾಯಿ, ಕೆಳಗೆ ಮೂರು ರಸ್ತೆ ಸೇರುವಲ್ಲಿ ಈ ಮೊಟ್ಟೆ, ಬೆಳ್ಳುಳ್ಳಿಯ ತಟ್ಟೆ ಇಟ್ಟು ಬಾ. ತಿರುಗಿ ನೋಡಿದರೆ ನಾನು ಉಳಿಯುವುದಿಲ್ಲ" ಎಂದಳು. ರಾತ್ರಿ ನನಗೆ ಡ್ಯೂಟಿ, ಹಾಗಾಗಿ ಮಧ್ಯಾಹ್ನವೇ ಹೊರಟೆ.

ಐವತ್ತು ಡಿಗ್ರಿ ಬಿಸಿಲು, ಆದರೆ ಚಪ್ಪಲಿಯಡಿಯ ಡಾಂಬರು ಮಂಜುಗಡ್ಡೆ! ಬೆನ್ನ ಹಿಂದೆ ಹೆಕಟಿಯ ನಾಯಿಗಳ ಏದುಸಿರು. ನಾನು ನಿಂತರೆ ಅದೂ ನಿಲ್ಲುತ್ತಿತ್ತು. ಕುತ್ತಿಗೆಗೆ ತಣ್ಣನೆಯ ಉಸಿರು ತಾಗಿದರೂ ತಿರುಗಲಿಲ್ಲ. ಕೈಯನ್ನು ಹಿಂದಕ್ಕೆ ಚಾಚಿ ದೇವತೆಯ ನಾಡಿ, ಬಿ.ಪಿ. ಎಲ್ಲ ನೋಡಿಯೇ ಬಂದೆ.

ಸಂಜೆ ಶೆರಿಲ್ ಬೆವರಿ ಎದ್ದು ಕುಳಿತಳು. ಜ್ವರ ಬಿಟ್ಟಿತ್ತು. ಗಂಜಿ ಉಣ್ಣುತ್ತ ನನ್ನ ಕಥೆ ಕೇಳಿ ನಕ್ಕಳು.

"ಎಂತ ಸುಳ್ಳು ಮಾರಾಯ್ತಿ! ಆ ಮೂರುದಾರಿ ಈ ಕಿಟಕಿಯಿಂದ ಕಾಣುತ್ತದೆ. ನೀನು ಅಲ್ಲಿಗೆ ಹೋಗಲೇ ಇಲ್ಲ."

ಒಪ್ಪಿಕೊಂಡೆ. ಮಾಟ ಮಾಡಿದಳೆಂದು ಪೊಲೀಸರು ಹಿಡಿದು ಊರಿಗೆ ಕಳಿಸಿದರೆ ಎಂದು ಹೆದರಿ, ತಟ್ಟೆಯನ್ನು ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೇ ಇಟ್ಟು ಓಡಿ ಬಂದಿದ್ದೆ. ಇವಳು ಸತ್ತರೆ ಅದು ನನ್ನಿಂದಲೇ ಎಂದು ಸಂಜೆಯವರೆಗೆ ನಡುಗುತ್ತಿದ್ದೆ. ಈಗ ಅವಳು ಎರಡನೇ ಸಲ ಗಂಜಿ ಬಡಿಸಿಕೊಂಡಾಗ ಎದೆ ಹಗುರಾಯಿತು.

ಆದರೆ ಮಧ್ಯಾಹ್ನ ಮೆಟ್ಟಿಲ ಮೇಲಿಟ್ಟು ಐದು ನಿಮಿಷ ಬಿಟ್ಟು ತಟ್ಟೆ ತರಲು ಹೋಗಿದ್ದೆ, ಆಗ ಮೊಟ್ಟೆಗಳು ಸಿಪ್ಪೆ ಸಮೇತ ಮಾಯವಾಗಿದ್ದವು. ತಟ್ಟೆ ಎತ್ತಿದ ಬೆರಳುಗಳು ಚಳಿಗೆ ಮರಗಟ್ಟಿದವು. ಇದೊಂದು ಮಾತ್ರ ನಾನು ಕಟ್ಟಿದ್ದಲ್ಲ.