ಹಿಮದ ನಾಡಿನ ತೆಂಗಿನಕಾಯಿ

"ಹಿಮ ಬೀಳೋ ಊರಲ್ಲಿ ತೆಂಗಿನಕಾಯಿ ಎಲ್ಲಿಂದ ಬಂತು? ನಿಮ್ಮಪ್ಪ ಹೋಗಿ ಮರ ಹತ್ತಿ ಕಿತ್ಕೊಟ್ರಾ?" ಜೆಬಿನ್ ಕೂಗಿದ.

"ಅಪ್ಪನ ಸುದ್ದಿಗೆ ಬರ್ಬೇಡ, ಹೇಳಿದೀನಿ" ಎಂದಳು ನಿಳಾ. ಅವಳ ಮೂಗಿನ ತುದಿ ಕೆಂಪಾಗಿತ್ತು.

"ಬರ್ತೀನಿ. ಕತೇಲಿ ತಪ್ಪಿದ್ರೆ ತಪ್ಪು ಅಂತೀನಿ. ನಿನ್ನ ಹಾಗೆ ಟೀಚರ್ ಬರೆದದ್ದೆಲ್ಲ ಸರಿ ಅಂತ ತಲೆ ಆಡಿಸ್ಕೊಂಡು ಕೂರಲ್ಲ."

"ನೀನು ಊಟಕ್ಕೆ ಕೂತ್ರೂ ಅನ್ನ ತಿನ್ನಲ್ಲ, ಕಲ್ಲು ಹುಡುಕ್ತೀಯ."

"ಕಲ್ಲಿದ್ರೆ ಹುಡುಕ್ಲೇಬೇಕು. ಹಲ್ಲು ನಂದು."

ಊರಿನ ಓದುಮನೆಯಾದ ವಾಯನಶಾಲೆಯ ಜಗಲಿಯಲ್ಲಿದ್ದ ಚಿಕ್ಕ ಮಕ್ಕಳೆಲ್ಲ ನಕ್ಕರು. ನಿಳಾಳಿಗೆ ಇನ್ನೂ ಸಿಟ್ಟು ಬಂತು.

ಜಗಳ ಏಲಿಯಾಮ್ಮ ಟೀಚರ್ ಬರೆದ ಬಿಳಿನಾಡಿನ ಕತೆಯ ಬಗ್ಗೆ. ಅದು ಮಕ್ಕಳ ಪತ್ರಿಕೆಯೊಂದರಲ್ಲಿ ವಾರ ವಾರ ಬಂದಿತ್ತು. ಕಾವುಂಗಲ್ ಊರಿನ ಮಕ್ಕಳು ವಾಯನಶಾಲೆಯ ಒಂದೇ ಪ್ರತಿಯನ್ನು ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಓದಿದ್ದರು. ಬಿಳಿನಾಡಿನಲ್ಲಿ ಯಾರಾದರೂ ಸತ್ತರೆ, ಆ ವರ್ಷದ ಹಿಮ ಕರಗುವ ತನಕ ಅವರ ಹೆಸರನ್ನು ಯಾರೂ ಹೇಳುವಂತಿಲ್ಲ. ಮಕ್ಕಳಿಗೆ ಈ ಪದ್ಧತಿ ಎಷ್ಟು ಹಿಡಿಸಿತ್ತೆಂದರೆ, ವಾಯನಶಾಲೆಯ ಬೆಕ್ಕು ಸತ್ತಾಗ ಅದರ ಹೆಸರು ಹೇಳುವುದನ್ನೇ ಬಿಟ್ಟರು. ಕಾವುಂಗಲ್ಲಿನಲ್ಲಿ ಹಿಮ ಬೀಳುವುದೂ ಇಲ್ಲ, ಕರಗುವುದೂ ಇಲ್ಲ. ಹಾಗಾಗಿ ಇವತ್ತಿಗೂ ಹೇಳಿಲ್ಲ.

ಈಗ ಆ ಕತೆ ಪುಸ್ತಕವಾಗಲಿತ್ತು. ಅಚ್ಚಿಗೆ ಕೊಡುವ ಮುಂಚೆ, ಓದಿದ ಮಕ್ಕಳ ಬಾಯಿಂದಲೇ ತಪ್ಪುಗಳನ್ನು ಕೇಳಬೇಕೆಂದು ಟೀಚರ್ ಇವತ್ತು ಬರುವವರಿದ್ದರು. ಜೆಬಿನ್ ಬೆಳಗಿನಿಂದ ತುದಿಗಾಲಲ್ಲಿ ನಿಂತಿದ್ದ.

"ತೆಂಗಿನಕಾಯಿ ಬಿಡು" ಎಂದ ಅವನು. "ರಾಣಿ ಮಿಹಿರಾ ಸತ್ತ ಮೇಲೆ ಆ ಅಡುಗೆಯವಳು ಅವಳ ಹೆಸರು ಹಿಡಿದು ಕರೀತಾಳಲ್ಲ? ಹಿಮ ಇನ್ನೂ ಮೊಣಕಾಲುದ್ದ ಬಿದ್ದಿದೆ. ಅದಕ್ಕೇನಂತೀಯ?"

ಇಡೀ ಕತೆಯಲ್ಲಿ ನಿಳಾಳಿಗೆ ತುಂಬ ಇಷ್ಟವಾದವಳು ಆ ಅಡುಗೆಯವಳೇ. ಅರಮನೆಯವರೆಲ್ಲ ತುಟಿ ಬಿಗಿದು ಓಡಾಡುವಾಗ ಅವಳೊಬ್ಬಳು ಒಲೆಯ ಮುಂದೆ ಕೂತು, ಕಾಯಿ ತುರಿದು ಸಾರು ಮಾಡಿ, "ಮಿಹಿರಾ, ಎದ್ದು ಬಾ, ಆರಿಹೋಗುತ್ತೆ" ಎನ್ನುತ್ತಾಳೆ. ಆ ಪುಟವನ್ನು ನಿಳಾ ಎಷ್ಟು ಸಲ ಓದಿದ್ದಳೋ ಅವಳಿಗೇ ಗೊತ್ತಿಲ್ಲ.

ಟೀಚರ್ ಬಂದರು. ಗಿಡ್ಡ ಹೆಂಗಸು. ಕಂಕುಳಲ್ಲಿ ಟೈಪ್ ಮಾಡಿದ ಹಾಳೆಗಳ ದೊಡ್ಡ ಕಟ್ಟು. ವಾಯನಶಾಲೆ ನೋಡಿಕೊಳ್ಳುವ ದಿವಾಕರೇಟ್ಟ ಚಹಾ ತಂದಿಟ್ಟ, ಎಣ್ಣೆಯಲ್ಲಿ ಕರಿದ ಬಾಳೆಹಣ್ಣಿನ ಪೋಡಿ ತಂದಿಟ್ಟ. ಟೀಚರ್ ಎರಡನ್ನೂ ಮುಟ್ಟಲಿಲ್ಲ. ಪೆನ್ನು ತೆಗೆದು, "ಹೂಂ, ಬೈಯೋದಕ್ಕೆ ಶುರು ಮಾಡಿ" ಎಂದರು.

ಮಕ್ಕಳು ಮೊದಲು ನಾಚಿದರು. ಆಮೇಲೆ ಒಬ್ಬ, ಸೇನಾಪತಿಯ ಬಿಳಿ ಕುದುರೆ ಯುದ್ಧದ ದಿನ ಕಂದು ಬಣ್ಣದ್ದಾಗಿದೆ ಎಂದ. "ಕೆಸರಾಗಿರಬೇಕು" ಎಂದರು ಟೀಚರ್. ಮಕ್ಕಳು ಬಿಡಲಿಲ್ಲ. ಟೀಚರ್ ಸೋತು ತಿದ್ದಿಕೊಂಡರು.

ಜೆಬಿನ್ ಎದ್ದು ನಿಂತ. ತೆಂಗಿನಕಾಯಿ ವಿಷಯ ಹೇಳಿದ. ಇಡೀ ಕೋಣೆ ಗೊಳ್ಳೆಂದಿತು. ಟೀಚರ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

"ಕರ್ಮ, ಮೋನೇ. ಕಾಯಿ ಹಾಕದೆ ಸಾರು ಮಾಡೋಕೆ ಬರಲ್ಲ ನಂಗೆ. ಬರೆಯೋಕೂ ಬರಲಿಲ್ಲ ನೋಡು."

"ನಾವೂ ಇಷ್ಟು ಜನ ಓದಿದ್ವಿ, ಒಬ್ರಿಗೂ ಹೊಳೀಲಿಲ್ಲ" ಎಂದ ದಿವಾಕರೇಟ್ಟ.

"ನಂಗೆ ಹೊಳೀತು" ಎಂದ ಜೆಬಿನ್. ಆಮೇಲೆ ರಾಣಿಯ ಹೆಸರಿನ ವಿಷಯ ಹೇಳಿದ.

ಈ ಸಲ ಟೀಚರ್ ನಗಲಿಲ್ಲ. ಹಾಳೆ ಮಗುಚಿ ಆ ಪುಟ ಹುಡುಕಿದರು. ಓದಿದರು. "ಮರೆತೇಬಿಟ್ಟಿದ್ದೆ" ಎಂದರು. "ಪದ್ಧತಿ ಮಾಡಿದವಳೂ ನಾನೇ, ಮುರಿದವಳೂ ನಾನೇ. ಹೋಗ್ಲಿ, ಈ ಅಡುಗೆಯವಳನ್ನೇ ತೆಗೆದುಬಿಡ್ತೀನಿ. ಎರಡೂ ತಪ್ಪು ಒಟ್ಟಿಗೇ ಹೋಗುತ್ತೆ."

ಪೆನ್ನು ಹಾಳೆಯ ಮೇಲಿನ ಮೂಲೆಗೆ ಹೋಯಿತು.

"ತೆಗೀಬೇಡಿ ಟೀಚರ್."

ಎಲ್ಲರೂ ತಿರುಗಿ ನೋಡಿದರು. ನಿಳಾ ನಿಂತಿದ್ದಳು. ಯಾವ ಸಭೆಯಲ್ಲೂ ಬಾಯಿ ಬಿಡದ ಹುಡುಗಿ.

"ಯಾಕೆ ಮೋಳೇ?"

"ಅವಳು... ಅವಳು ಆ ಊರಿನವಳಲ್ಲ."

"ಅಂತ ಎಲ್ಲಿದೆ?" ಎಂದ ಜೆಬಿನ್.

"ತೆಂಗಿನಕಾಯಿ ಇದೆಯಲ್ಲ. ಅದು ತಪ್ಪಲ್ಲ. ಅವಳು ತಂದದ್ದು. ಕಡಲ ಕಡೆಯಿಂದ." ನಿಳಾ ನಿಲ್ಲಿಸಲಿಲ್ಲ. "ನಮ್ಮನೇಲಿ ಕರ್ಕಾಟಕ ಅಮಾವಾಸ್ಯೆ ದಿನ ನಮ್ಮಜ್ಜಿ, ಅಚ್ಚಮ್ಮ, ಒಳಕೋಣೇಲಿ ತೀರಿಹೋದ ಅಜ್ಜನಿಗೆ ಎಡೆ ಇಡ್ತಾಳೆ. ಕಾಯಿ ಅರೆದು ಹಾಕಿದ ಮೀನುಸಾರು. ಬಾಗಿಲು ಮುಚ್ಚೋ ಮುಂಚೆ, ಕುಂಞಂಬೂ, ಬಂದು ತಿನ್ನು ಅಂತಾಳೆ. ಅಜ್ಜ ಬದುಕಿದ್ದಾಗ ಒಂದಿನಾನೂ ಅವಳು ಆ ಹೆಸರು ಹೇಳಿದ್ದಿಲ್ಲ. ಇಲ್ಲಿ ನೋಡಿ ಅಂತಲೇ ಕರೀತಿದ್ಲು. ಈಗ್ಯಾಕೆ ಹೇಳ್ತೀಯ ಅಂತ ಕೇಳಿದೆ. ಹೆಸರು ಹಿಡಿದು ಕರೀದಿದ್ರೆ ಯಾರಿಗೆ ಇಟ್ಟದ್ದು ಅಂತ ಅವರಿಗೆ ಹೇಗೆ ಗೊತ್ತಾಗುತ್ತೆ ಅಂದ್ಲು."

ಟೀಚರ್ ಪೆನ್ನನ್ನು ಕೆಳಗಿಟ್ಟರು.

"ಅಡುಗೆಯವಳೂ ಹಾಗೇ" ಎಂದಳು ನಿಳಾ. "ಬಿಳಿನಾಡಿನವರು ಹೆಸರು ಹೇಳಲ್ಲ. ಅವಳ ಊರಿನವರು ಹೇಳಲೇಬೇಕು."

"ಸರಿ, ರಾಣಿ ಯಾಕೆ ಬರ್ಬೇಕು ಆ ಸಾರಿಗೆ? ರಾಣಿ ಬಿಳಿನಾಡಿನವಳೇ ಅಲ್ವಾ?" ಜೆಬಿನ್ ಕೇಳಿದ.

"ಅಲ್ಲ. ಮೊದಲ ವಾರದ್ದು ನೆನಪು ಮಾಡ್ಕೋ. ಮದುವೆ ದಿನ ಎಲ್ಲರೂ ತೆಳು ಬಟ್ಟೇಲಿ ಕುಣೀತಿದ್ರು. ರಾಣಿ ಒಬ್ಬಳೇ ಕಂಬಳಿ ಹೊದ್ದು ನಡುಗ್ತಿದ್ಲು. ಅಲ್ಲೇ ಹುಟ್ಟಿದವಳು ಯಾಕೆ ನಡುಗ್ತಾಳೆ?"

ಜೆಬಿನ್ ಹಣೆ ಗಂಟು ಹಾಕಿಕೊಂಡು ಯೋಚಿಸಿದ. ಆಮೇಲೆ ಮೆಲ್ಲಗೆ ಹೇಳಿದ:

"ಈಜು."

"ಏನು?"

"ರಾಣಿಗೆ ಈಜು ಬರ್ತಿತ್ತು. ಐಸ್ ಒಡೆದು ರಾಜಕುಮಾರ ಕೆರೆಗೆ ಬಿದ್ದಾಗ ಹಾರಿ ಎತ್ತಿದ್ದು ಅವಳೇ. ಬಿಳಿನಾಡಿನಲ್ಲಿ ಯಾರಿಗೂ ಈಜು ಬರಲ್ಲ. ನಾನು ಅದನ್ನೂ ತಪ್ಪು ಅಂತ ಇಟ್ಕೊಂಡಿದ್ದೆ. ಟೀಚರ್‌ಗೆ ಆಮೇಲೆ ಹೇಳೋಣ ಅಂತ." ಅವನು ತನ್ನ ತೋಳನ್ನು ಉಜ್ಜಿಕೊಂಡ. "ನೋಡು, ರೋಮ ಎದ್ದಿದೆ."

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ತಾವು ವರ್ಷವೆಲ್ಲ ಆಡಿಕೊಂಡಿದ್ದ ಮನೆಯಲ್ಲಿ ತೆರೆಯದ ಕೋಣೆಯೊಂದು ಇತ್ತೆಂದು ಈಗ ಗೊತ್ತಾದ ಹಾಗಿತ್ತು.

ಎದುರು ಸಾಲಿನ ಪುಟ್ಟ ಹುಡುಗಿ ಕೇಳಿದಳು: "ಹಂಗಾದ್ರೆ ಅಡುಗೆಯವಳು ಯಾರು?"

ನಿಳಾ ಅದನ್ನು ಅಲ್ಲಿಯ ತನಕ ಯೋಚಿಸಿಯೇ ಇರಲಿಲ್ಲ. ಆದರೆ ಉತ್ತರ ನಾಲಿಗೆಯ ಮೇಲೇ ಇತ್ತು.

"ಅಮ್ಮ" ಎಂದಳು. "ರಾಣಿಯ ಅಮ್ಮ. ಮಗಳನ್ನ ಅಷ್ಟು ದೂರ ಕೊಟ್ಟು ಇರಲಾರದೆ, ಯಾರಿಗೂ ಹೇಳದೆ ಅಡುಗೆಯವಳಾಗಿ ಬಂದಿದ್ದಾಳೆ."

ಟೀಚರ್ ಕನ್ನಡಕ ತೆಗೆದರು. ಅವರ ಕಣ್ಣು ನಿಳಾಳ ಮೇಲಿತ್ತು, ಆದರೆ ಅವಳನ್ನು ನೋಡುತ್ತಿರಲಿಲ್ಲ.

"ಇದನ್ನ ನಿಂಗೆ ಯಾರು ಹೇಳಿದ್ರು?"

"ನೀವೇ ಟೀಚರ್. ನೀವೇ ಬರೆದದ್ದು."

"ನಾನು ಬರೆದಿಲ್ಲ ಮಗಳೇ" ಎಂದರು ಟೀಚರ್. ಸ್ವರ ತೀರಾ ಸಣ್ಣದಾಗಿತ್ತು. "ನಂಗೆ ಗೊತ್ತೇ ಇರಲಿಲ್ಲ."

ಅವರು ಎದ್ದರು. ಹಾಳೆಗಳನ್ನು ಎದೆಗವಚಿಕೊಂಡರು. ಯಾರಿಗೂ ಏನೂ ಹೇಳದೆ ಬಾಗಿಲು ದಾಟಿ, ಚಪ್ಪಲಿ ಮೆಟ್ಟಿ, ಅಂಗಳಕ್ಕೆ ಇಳಿದರು.

ಕೈ ತೊಳೆಯಲು ಹೋಗಿರಬೇಕೆಂದು ಎಲ್ಲರೂ ಕಾದರು. ಚಹಾದ ಮೇಲೆ ಕೆನೆ ಕಟ್ಟಿತು. ದಿವಾಕರೇಟ್ಟ ಜಗಲಿಗೆ ಹೋಗಿ ಇಣುಕಿದ. ಟೀಚರ್ ರಸ್ತೆಯ ತಿರುವಿನ ತನಕ ಹೋಗಿದ್ದರು. ಬಿಸಿಲಲ್ಲಿ, ಓಡುತ್ತಿದ್ದಾರೋ ಎನ್ನುವ ಹಾಗೆ ನಡೆಯುತ್ತಿದ್ದರು. ನೋಡುತ್ತಿದ್ದಂತೆ ತಿರುವಿನಲ್ಲಿ ಮರೆಯಾದರು.

"ಸಿಟ್ಟು ಬಂತಾ ಅವ್ರಿಗೆ?" ಜೆಬಿನ್ ಕೇಳಿದ. ಅವನ ಮುಖ ಬಿಳುಚಿತ್ತು. "ನಾನು ಜಾಸ್ತಿ ಮಾತಾಡ್ಬಿಟ್ನಾ?"

"ಇಲ್ಲ ಕಣೋ."

"ಮತ್ತೆ ಎಲ್ಲಿಗೆ ಹೋದ್ರು?"

ನಿಳಾ ಬಾಗಿಲ ಬಳಿ ಬಂದು ನಿಂತಳು. ರಸ್ತೆ ಖಾಲಿ ಇತ್ತು. ಎಲ್ಲೋ ಒಂದು ಕಡೆ ಹಿಮ ಬೀಳುತ್ತಿತ್ತು. ಅಲ್ಲೊಬ್ಬಳು ತಾಯಿ ಒಲೆಯ ಮುಂದೆ ಕೂತಿದ್ದಳು, ಮತ್ತು ಇಷ್ಟು ದಿನ ಅವಳ ಅಳುವನ್ನು ಕೇಳಿದವರು ಯಾರೂ ಇರಲಿಲ್ಲ.

"ಓಡಿ ಹೋಗಿ ಕರ್ಕೊಂಡು ಬರ್ತೀನಿ, ಚಹಾನೂ ಕುಡಿದಿಲ್ಲ" ಎಂದು ದಿವಾಕರೇಟ್ಟ ಚಪ್ಪಲಿಗೆ ಕಾಲು ತೂರಿಸಿದ.

"ಬೇಡ ದಿವಾಕರೇಟ್ಟ" ಎಂದಳು ನಿಳಾ. "ಅವ್ರು ಬರೆಯೋಕೆ ಹೊರಟಿದ್ದಾರೆ. ಈಗ ಅವ್ರನ್ನ ಕರೀಬಾರ್ದು."