ನಿಂಗಿಯ ಮೂರು ಹಕ್ಕಿಗಳು

ಬಲು ಹಿಂದೆ, ಗಾಳಿಗೂ ಊರುಮನೆ ಇದ್ದ ಕಾಲದಲ್ಲಿ, ತೂರುಗಿರಿ ಎಂಬ ರಾಜ್ಯವಿತ್ತು. ಅಲ್ಲಿನವರಿಗೆ ಒಂದೇ ಹುಚ್ಚು, ಮರದ ಹಕ್ಕಿ ಹಾರಿಸುವುದು. ಬಿದಿರ ಸೀಳಿನ ಎಲುಬು, ತೆಳ್ಳನೆ ರೇಷ್ಮೆಯ ರೆಕ್ಕೆ. ಆ ಸೀಮೆಯಲ್ಲಿ ಮಾತು ಕೇಳುವ ಮರವೊಂದಿತ್ತು. ಅದರ ಕೊಂಬೆಯನ್ನು ಎರಡು ತುಂಡು ಮಾಡಿ, ಒಂದನ್ನು ಹಕ್ಕಿಯ ಹೊಟ್ಟೆಯಲ್ಲಿಟ್ಟು ಇನ್ನೊಂದನ್ನು ಕೈಯಲ್ಲಿ ಹಿಡಿದರೆ ಸಾಕು. ಕೈಯ ಕೋಲು ಎಡಕ್ಕೆ ವಾಲಿದರೆ ಹಕ್ಕಿ ಎಡಕ್ಕೆ ತಿರುಗುತ್ತಿತ್ತು, ಬಲಕ್ಕೆ ವಾಲಿದರೆ ಬಲಕ್ಕೆ, ಮುಂದಕ್ಕೆ ಬಾಗಿದರೆ ಮೂಗು ತಗ್ಗಿಸುತ್ತಿತ್ತು. ನಡುವೆ ದಾರವಿಲ್ಲ, ಮಂತ್ರವಿಲ್ಲ. ಕೆಲಸಕ್ಕೆ ಬಾರದ ಆಟ ಎಂದು ಬೈಯುವವರೂ ಸಂಜೆಯಾದರೆ ಬಯಲಿಗೆ ಬಂದು ಕತ್ತೆತ್ತಿ ನಿಲ್ಲುತ್ತಿದ್ದರು.

ರಾಜ್ಯದ ಅಂಚಿನ ಗುಡ್ಡದಲ್ಲಿ ಉಸಿರುಗಳ್ಳನೆಂಬ ಮಾಂತ್ರಿಕನಿದ್ದ. ಗುಡ್ಡದ ಸುತ್ತ ಅವನೆಳೆದ ಬಿಳಿ ಗೆರೆಯನ್ನು ದಾಟಿದವರು ಕಲ್ಲಾಗುತ್ತಿದ್ದರು. ಅವರ ಉಸಿರು ಗುಡ್ಡದ ನೆತ್ತಿಯ ಬೋಳು ಮರಕ್ಕೆ ತೂಗಿದ ಗಾಜಿನ ಗಿಂಡಿಗೆ ಸೇರುತ್ತಿತ್ತು. ಅದಕ್ಕೆ ನಿದ್ದೆಯಿಲ್ಲದ ಹದ್ದಿನ ಕಾವಲು. ಗಿಂಡಿಯನ್ನು ಗೆರೆಯಾಚೆ ತಂದು ಒಡೆದರೆ ಎಲ್ಲರ ಉಸಿರೂ ಮರಳುತ್ತಿತ್ತು.

ಹಕ್ಕಿಯಿಂದಲೇ ಅದನ್ನು ತರಿಸುತ್ತೇನೆಂದು ಹೋದ ಮಾಚಣ್ಣ ಗೆರೆಯ ಮೇಲೆ ಕಲ್ಲಾಗಿ ನಿಂತಿದ್ದ. ಗುಡ್ಡಕ್ಕೆ ಬೆನ್ನು, ಹಿಂದಕ್ಕೆ ತಿರುಚಿದ ಕತ್ತು, ಗೆರೆಯೊಳಗೆ ಒಂದು ಹಿಮ್ಮಡಿ. ಅವನ ತಂಗಿ ನಿಂಗಿ ಮೂರು ಹಕ್ಕಿ ಕಟ್ಟಿಕೊಂಡು ಅಲ್ಲಿಗೆ ಬಂದಳು. ಮನೆಯಲ್ಲಿ ಉಳಿದಿದ್ದದ್ದು ಮೂರೇ ಜೋಡಿ ಕೋಲು.

ಅಲ್ಲಿ ಆಡು ಮೇಯಿಸುತ್ತಿದ್ದ ಬೂದಜ್ಜಿ ಕೇಳಿದಳು, "ನಿಮ್ಮಣ್ಣ ಒಳಗೋಗಿ, ಎದ್ರಿ ಓಡ್ಬರುವಾಗ ಕಲ್ಲಾದ್ನಂತೆ. ಊರೆಲ್ಲ ಅಂಗೇ ಅಂತದೆ. ನಿಂಗ್ಯಾಕವ್ವ ಈ ಉಸಾಬರಿ?"

"ನಮ್ಮಣ್ಣ ಓಡೋನಲ್ಲ ಅಜ್ಜಿ," ಎಂದಳು ನಿಂಗಿ. ಅಣ್ಣ ಕಲ್ಲಾದದ್ದಕ್ಕಿಂತ ಆ ಮಾತೇ ಅವಳ ಹೊಟ್ಟೆ ಉರಿಸುತ್ತಿತ್ತು.

ಮೊದಲ ದಿನ ಮೊದಲ ಹಕ್ಕಿ ಬಿಟ್ಟಳು. ಚೆಂದಕ್ಕೆಂದು ಅದರ ಬಾಲಕ್ಕೆ ಗೆಜ್ಜೆ ಕಟ್ಟಿದ್ದಳು. ಬಾಲ ಭಾರವಾಗಿ ಹಕ್ಕಿ ಮೂಗೆತ್ತಿ ನಿಂತು, ದೊಪ್ಪನೆ ಗೆರೆಯೊಳಗೆ ಬಿತ್ತು. ಹಾರಿಸುವ ಮುಂಚೆ ಎರಡು ಬೆರಳ ಮೇಲೆ ನಿಲ್ಲಿಸಿ ತೂಕ ನೋಡು ಎಂದು ಅಣ್ಣ ನೂರು ಸಲ ಹೇಳಿದ್ದ. ಹುಡುಗಿ ಕಿವಿಗೆ ಹಾಕಿಕೊಂಡಿದ್ದರೆ ತಾನೆ.

ಎರಡನೆಯ ದಿನ ಗೆಜ್ಜೆ ಬಿಚ್ಚಿ, ಕೊಕ್ಕಿಗೆ ಮೇಣ ಮೆತ್ತಿ, ಬೆರಳ ಮೇಲೆ ತೂಗಿ ನೋಡಿ ಬಿಟ್ಟಳು. ಹಕ್ಕಿ ಕನಸಿನೊಳಗೆ ತೇಲಿದಂತೆ ತೇಲಿತು. ಕೊಕ್ಕಿನ ಕೊಕ್ಕೆಗೆ ಗಿಂಡಿ ಸಿಕ್ಕಿಯೂ ಸಿಕ್ಕಿತು. ಮರಳುವಾಗ ಹದ್ದು ಎರಗಿತು. ಹಕ್ಕಿಯನ್ನು ತನ್ನ ಎಡಕ್ಕೆ ತಪ್ಪಿಸಲು ನಿಂಗಿ ಕೋಲನ್ನು ಎಡಕ್ಕೆ ವಾಲಿಸಿದಳು. ಎದುರು ಬರುವ ಹಕ್ಕಿಯ ಎಡ ಅವಳ ಬಲ. ಅದು ನೇರ ಹದ್ದಿನ ಉಗುರಿಗೇ ಹೋಗಿ ಚೂರಾಯಿತು. ಹದ್ದು ಗಿಂಡಿಯನ್ನು ಮತ್ತೆ ಮರಕ್ಕೆ ತೂಗಿತು.

ಮೂರನೆಯ ದಿನ ನಿಂಗಿ ಅಣ್ಣನ ಪಕ್ಕ ಸುಮ್ಮನೆ ಕೂತಳು. ಬೂದಜ್ಜಿ ಕೊಟ್ಟ ಅಂಬಲಿ ಕುಡಿಯುತ್ತ ಅವನ ಮುಖ ನೋಡಿದಳು. ಅವನ ಕಣ್ಣು ಬೆನ್ನಟ್ಟುವವರ ಮೇಲಿರಲಿಲ್ಲ, ಆಕಾಶದಲ್ಲಿತ್ತು. ಮುಷ್ಟಿಯಲ್ಲಿ ಕಲ್ಲಾದ ಕೋಲು ಇನ್ನೂ ತುಸು ವಾಲಿತ್ತು. ಹಕ್ಕಿ ಮನೆಕಡೆ ತಿರುಗಿದೊಡನೆ ಅಣ್ಣ ಅದಕ್ಕೆ ಬೆನ್ನು ಮಾಡಿ, ಹೆಗಲ ಮೇಲಿಂದ ನೋಡುತ್ತಿದ್ದದ್ದು ನೆನಪಾಯಿತು. "ಮುನಿಸ್ಕೊಂಡ್ಯೇನಣ್ಣ?" ಎಂದು ಆಗ ಅವಳು ನಕ್ಕಿದ್ದಳು. ಹಾಗೆ ನಿಂತರೆ ಹಕ್ಕಿಯ ಎಡ ನಮ್ಮ ಎಡವೇ.

ಮೂರನೆಯ ಹಕ್ಕಿ ಗಿಂಡಿ ಹಿಡಿದು ತಿರುಗಿತು. ನಿಂಗಿಯೂ ತಿರುಗಿ, ಗುಡ್ಡಕ್ಕೆ ಬೆನ್ನು ಮಾಡಿ ನಿಂತಳು.

"ಅಣ್ಣನಂತೆಯೇ ತಂಗಿ, ಇವಳೂ ಓಡುತ್ತಾಳೆ," ಎಂದು ಮಾಂತ್ರಿಕ ನಕ್ಕ. "ಹದ್ದೇ, ರೆಕ್ಕೆ ಮಡಚು. ಆಡಿಸುವವಳಿಲ್ಲದ ಹಕ್ಕಿ ತಾನಾಗಿಯೇ ಬೀಳುತ್ತದೆ."

ಹದ್ದು ಕೂತಿತು. ಹಕ್ಕಿ ಇಳಿಯುತ್ತ ಬಂತು. ಗೆರೆಗೆ ಎರಡು ಮಾರು ಇರುವಾಗ ಗಾಳಿ ಸತ್ತಿತು. ಒಂದು ಹೆಜ್ಜೆ ಹಿಂದಿಟ್ಟು ಕೈ ಚಾಚಿದರೆ ಹಿಡಿಯಬಹುದು ಅನ್ನಿಸಿತು. ನಿಂಗಿಯ ಕಾಲು ಎದ್ದಿತು. ಅಣ್ಣನ ಹಿಮ್ಮಡಿ ಕಂಡಿತು. ಅಣ್ಣ ಕೆಟ್ಟದ್ದು ಇಲ್ಲೇ, ಈ ಒಂದು ಹೆಜ್ಜೆಯಲ್ಲೇ. ಅವಳ ಕಣ್ಣು ತುಂಬಿತು. ಕಾಲನ್ನು ಅಲ್ಲೇ ಊರಿ, ಬೀಳುವ ಹಕ್ಕಿಯ ಮೂಗನ್ನು ಇನ್ನಷ್ಟು ತಗ್ಗಿಸಿದಳು. ಜಾರಿದ ಹಕ್ಕಿಗೆ ವೇಗ ಬಂತು. ಹುಲ್ಲು ಸವರುತ್ತ ಗೆರೆ ದಾಟಿ ಆಚೆಯ ಬಂಡೆಗೆ ಬಡಿಯಿತು. ಗಿಂಡಿ ಒಡೆಯಿತು.

ಕದ್ದ ಉಸಿರಿನಿಂದ ಬದುಕಿದ್ದ ಮಾಂತ್ರಿಕ ಮಂಜಾಗಿ ಕರಗಿದ. ಹದ್ದು ಕಣ್ಣು ಮುಚ್ಚಿ, ಜನ್ಮದ ಮೊದಲ ನಿದ್ದೆ ಮಾಡಿತು. ಕಲ್ಲುಗಳೆಲ್ಲ ಮೈಮುರಿದು ಮನುಷ್ಯರಾದವು.

ಮಾಚಣ್ಣ ಮೊದಲು ನೋಡಿದ್ದು ಆಕಾಶವನ್ನೇ. "ನನ್ ಅಕ್ಕಿ ಬಂತಾ?" ಎಂದ.

"ಬಂತಣ್ಣ," ಎಂದು ನಿಂಗಿ ತನ್ನ ಮುರಿದ ಹಕ್ಕಿಯನ್ನು ಅವನ ಕೈಗಿಟ್ಟು ಅತ್ತಳು.

ಬೂದಜ್ಜಿ ಆಡುಗಳನ್ನು ಬಿಟ್ಟು ಊರಿಗೆ ಓಡಿದಳು. "ಅವ್ನು ಓಡ್ತಿರ್ನಿಲ್ಲ ಕಣ್ರಪ್ಪ, ಅಕ್ಕೀನ ಮನೆಗೆ ಕರ್ಕೊಂಡ್ ಬತ್ತಿದ್ದ," ಎಂದು ಮನೆಮನೆಗೂ ಹೇಳಿದಳು.

ಅಂದಿನಿಂದ ತೂರುಗಿರಿಯಲ್ಲಿ ಎಲ್ಲರೂ ಸುಖವಾಗಿದ್ದಾರೆ. ಸಂಜೆ ಹಕ್ಕಿಗಳು ಮರಳುವ ಹೊತ್ತಿಗೆ ರಾಜನೂ ಸೇರಿದಂತೆ ಊರಿಗೆ ಊರೇ ಬಯಲಿನಲ್ಲಿ ಅವಕ್ಕೆ ಬೆನ್ನು ಮಾಡಿ, ಹೆಗಲ ಮೇಲಿಂದ ನೋಡುತ್ತ ನಿಲ್ಲುತ್ತದೆ.