ಬಕುಳಾಳ ಮುಷ್ಟಿ

“ಸುಟ್ಟಿದ್ದು ಸಾಲಲಿಲ್ಲೇನು? ಆ ಹಾಳ ಆಟ ಇಲ್ಲೀತನಕ ಬಂತು?”

ತಾನುಬಾಯಿ ಒದ್ದ ರಭಸಕ್ಕೆ ಬೆರಳುದ್ದದ ಹಿತ್ತಾಳೆ ಪಾತ್ರೆಗಳು ಸೊಲ್ಲಾಪುರದ ಆ ಆಸ್ಪತ್ರೆಯ ಮಕ್ಕಳ ವಾರ್ಡಿನ ತುಂಬ ಉರುಳಿದವು. ಪುಟ್ಟ ಒಲೆ, ಪುಟ್ಟ ಹಂಚು, ಹಿಟ್ಟು ನಾದುವ ಪುಟ್ಟ ಪರಾತ… ಮಂಚದ ಮೇಲೆ ಮೊಮ್ಮಗಳು ಬಕುಳಾ ಬಲಗೈ ಮುಷ್ಟಿಯನ್ನು ಎದೆಗೆ ಅವುಚಿಕೊಂಡು ಗೋಡೆಗೆ ಸರಿದಳು.

ಸೊಸೆ ಸುಲಭಾ ಬಗ್ಗಿ ಒಂದೊಂದೇ ಪಾತ್ರೆ ಹೆಕ್ಕಿದಳು. ಯಾವ ಬಾಯಿಂದ ಎದುರಾಡಿಯಾಳು? ಒಲೆಯ ಪಕ್ಕ ಮಗಳನ್ನು ಅಡಿಗೆಯಾಟಕ್ಕೆ ಕೂರಿಸಿದ್ದು ಅವಳೇ. ಅವ್ವ ಜೋಳದ ಭಾಕರಿ ಬಡಿದಂತೆ ತಾನೂ ಬಡಿದು, ಅವ್ವನಂತೆಯೇ ಕಾದ ಹಂಚಿಗೆ ಹಾಕಲು ಹೋಗಿ ಮಗು ಅಂಗೈ ಸುಟ್ಟುಕೊಂಡಿತ್ತು. ಅಂದಿನಿಂದ ಅತ್ತೆಯ ನಾಲಿಗೆಗೆ ಬಿಡುವಿಲ್ಲ. ಗಂಡ ದಗಡೂ ಬಾಗಿಲಲ್ಲಿ ನಿಂತು ತನ್ನ ಚಪ್ಪಲಿ ನೋಡುತ್ತಿದ್ದ. ಹೆಂಡತಿಯ ಪರ ಒಂದು ಮಾತು ಬಿದ್ದಿದ್ದರೆ ಆ ಮಹಾಶಯನ ಹಲ್ಲು ಉದುರುತ್ತಿತ್ತೇನೋ!

ಗಾಯ ಮಾಗಿ ಚರ್ಮ ಕೂಡಿತ್ತು, ಆದರೆ ಬೆರಳು ಬಿಚ್ಚುತ್ತಿರಲಿಲ್ಲ. ಹೀಗೇ ಬಿಟ್ಟರೆ ಕೈ ಜನ್ಮವಿಡೀ ಮುಷ್ಟಿಯಾಗಿಯೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ವ್ಯಾಯಾಮ ಮಾಡಿಸಲು ಬಂದವರನ್ನು ಬಕುಳಾ ಕಚ್ಚಿ ಓಡಿಸುತ್ತಿದ್ದಳು. ಅದಕ್ಕೇ, ವಾರ್ಡಿನಲ್ಲಿ ಮಕ್ಕಳನ್ನು ಆಡಿಸಲೆಂದೇ ನೇಮಕಗೊಂಡಿದ್ದ ಶೈಲಾ, ಹಿಟ್ಟು ಬಡಿಯುವ ಆಟದಲ್ಲಾದರೂ ಬೆರಳು ಬಿಚ್ಚೀತೆಂದು, ಆ ಪುಟ್ಟ ಪಾತ್ರೆಗಳ ಜೊತೆ ಜೋಳದ ಹಿಟ್ಟು ಕಲಸಿ ತಂದಿದ್ದಳು.

“ಆಜಿ, ಬೈಯೋದಿದ್ರ ಬೈರಿ,” ಎಂದಳು ಶೈಲಾ. “ಆದ್ರ ಕುಂತು ಬೈರಿ. ಕೂಸಿಗಿ ಮೊಳಕಾಲ ಬ್ಯಾನಿ ಇಲ್ಲ, ನಿಮಗ ಐತಿ.”

ಪಕ್ಕದ ಮಂಚದವರು ನಕ್ಕರು. ತಾನುಬಾಯಿ ಮುಖ ಗಂಟಿಕ್ಕಿಕೊಂಡು ಸ್ಟೂಲಿನ ಮೇಲೆ ಕುಕ್ಕರಿಸಿದಳು.

ಹಿಟ್ಟನ್ನು ಬಕುಳಾ ಮುಟ್ಟಲಿಲ್ಲ. ಎಡಗೈಯಿಂದ ಬಟ್ಟೆಯ ಗೊಂಬೆಗಳನ್ನು ಎಳೆದುಕೊಂಡಳು. ದೊಡ್ಡದೊಂದನ್ನು ನಿಲ್ಲಿಸಿ, ಇನ್ನೊಂದನ್ನು ಅದರ ಕಾಲ ಬಳಿ ಕೆಡವಿದಳು. ದೊಡ್ಡ ಗೊಂಬೆ ಮಾತಾಡತೊಡಗಿತು.

“ಎಲ್ಲಿ ಹೋಗಿದ್ದವs ನಿನ್ನ ಕಣ್ಣು, ಮೈಗಳ್ಳಿ? ಕೂಸಿನ ಕೈ ನೆಟ್ಟಗ ಆಗ್ಲಿ. ಮನಿಗಿ ಹೋದ ದಿನಾನ ನಿನ್ನ ತವರಿಗಿ ಅಟ್ಟತೀನಿ. ನನ್ನ ಮಗಗ ಬ್ಯಾರೆ ಹುಡುಗಿ ನೋಡತೀನಿ.”

ಅಜ್ಜಿಯದೇ ಮಾತು, ಅಜ್ಜಿಯದೇ ಎಳೆತ. ತಾನುಬಾಯಿಯ ಮುಖದ ಬಣ್ಣ ಹೋಯಿತು.

ಶೈಲಾ ಸಣ್ಣದೊಂದು ಗೊಂಬೆಯನ್ನು ಮುಂದೆ ಇಟ್ಟಳು. “ಇಕಿ ಏನ ಮಾಡತಾಳ ಈಗ?”

“ಮುಷ್ಟಿ ಬಿಚ್ಚಂಗಿಲ್ಲ,” ಎಂದಳು ಬಕುಳಾ. “ಬಿಚ್ಚಿದ್ರ ಕೈ ನೆಟ್ಟಗ ಆಗತೈತಿ. ಆಮ್ಯಾಲ ಅವ್ವ ಹೋಗತಾಳ.”

ಥೂ… ಇಷ್ಟು ದಿನ ಎಲ್ಲರೂ ಹಟಮಾರಿ ಎಂದು ಗದರಿದ್ದು ಈ ಮಗುವನ್ನೇ! ದೊಡ್ಡವರ ವಿಷಕ್ಕೆ ಎಳೆಯ ಕೈಯೊಂದು ಅಡ್ಡ ನಿಂತಿತ್ತು. ಸುಲಭಾ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ತಾನುಬಾಯಿ ಮಂಚದ ಕಡೆ ಬಗ್ಗಿದಳು. “ಇಲ್ಲs ನನ್ನವ್ವ… ನಿಮ್ಮವ್ವನ್ನ ಎಲ್ಲೂ ಕಳಸಂಗಿಲ್ಲ.”

“ಸುಳ್ಳು. ಸೂಜಿ ಚುಚ್ಚಂಗಿಲ್ಲ ಅಂತನೂ ನೀನs ಹೇಳಿದ್ದಿ.”

ಮಗು ಸುಟ್ಟುಕೊಂಡ ದಿನದಿಂದ ಸೊಸೆ ಮಾಡಿದ್ದನ್ನು ಬಾಯಿಗೆ ಹಾಕಿರಲಿಲ್ಲ ಆ ಮುದುಕಿ. ಬನ್ನು-ಚಹಾದಲ್ಲೇ ದಿನ ದೂಡಿದ್ದಳು. ಈಗ ಎದ್ದಳು, ಮೊಳಕಾಲು ಹಿಡಿದುಕೊಂಡು ಸೊಸೆಯ ಪಕ್ಕ ನೆಲದ ಮೇಲೆ ಕೂತಳು.

“ಸುಲಭಾ, ನಿನ್ನ ಡಬ್ಬಿ ಬಿಚ್ಚು. ಹಸಿವಾಗೇತಿ.”

ಸೊಸೆ ಡಬ್ಬಿ ಬಿಚ್ಚಿದಳು. ಭಾಕರಿ ಮುರಿದು, ಶೇಂಗಾ ಹಿಂಡಿಯ ಚಟ್ನಿ ಹಚ್ಚಿ ಕೊಟ್ಟಳು. ಮುದುಕಿ ಮೊಮ್ಮಗಳ ಕಣ್ಣೆದುರೇ ಅಗಿದು ನುಂಗಿದಳು. ಕಣ್ಣೀರು ಬಾಯೊಳಗೆ ಹೋಗುತ್ತಿತ್ತು. ಆಮೇಲೆ ಬಾಗಿಲ ಕಡೆ ತಿರುಗಿದಳು.

“ದಗಡ್ಯಾ, ಕೇಳಿಸ್ಕೊ. ಇಕಿನ್ನ ಕಳಿಸಿದ್ರ ನಾನೂ ಇಕಿ ಹಿಂದs ಹೋಗತೀನಿ. ನಿನ್ನ ಅನ್ನ ನೀನs ಬೇಯಿಸ್ಕೊ.”

ಬಕುಳಾ ಬಹಳ ಹೊತ್ತು ನೋಡಿದಳು. ಅಜ್ಜಿಯ ಬಾಯಿ, ಅವ್ವನ ಮುಖ, ಮತ್ತೆ ಅಜ್ಜಿಯ ಬಾಯಿ… ಕೊನೆಗೆ ಮುಷ್ಟಿಯನ್ನು ತಾನೇ ಹಿಟ್ಟಿನ ಮೇಲಿಟ್ಟು ಒತ್ತಿದಳು. “ಆಯ್ಯ್…” ಎಂದು ಚೀರಿದಳು, ಆದರೆ ಕೈ ತೆಗೆಯಲಿಲ್ಲ. ತುಸು ತುಸುವಾಗಿ ಬೆರಳುಗಳು ಬಿಚ್ಚಿಕೊಂಡವು.

“ನೀರ ಹಚ್ಚs ಸುಲಭಾ, ಹಿಟ್ಟು ಕೈಗಿ ಹತ್ತತೈತಿ,” ಎಂದಳು ತಾನುಬಾಯಿ.

ದಿನವೂ ಹಿಟ್ಟು ಬಡಿದು ಬಡಿದು ಬಕುಳಾಳ ಬೆರಳುಗಳು ಬಳಕಿದವು, ಕಿರುಬೆರಳೊಂದನ್ನು ಬಿಟ್ಟು. ತಡವಾಗಿತ್ತು. ಅದು ಎಂದಿಗೂ ನೆಟ್ಟಗಾಗಲಿಲ್ಲ. ಸೊಸೆಯ ಮೇಲೆ ಸಿಟ್ಟು ಉಕ್ಕಿದಾಗಲೆಲ್ಲ ತಾನುಬಾಯಿಯ ಕಣ್ಣು ಮೊದಲು ಆ ಬೆರಳಿನ ಮೇಲೆ ಬೀಳುತ್ತಿತ್ತು. ಆಮೇಲೆ ಅವಳು ಏನೂ ಆಡುತ್ತಿರಲಿಲ್ಲ.